ಯಾರ ಪೈಕಿ, ಯಾವ ಊರು?

ನಮ್ಮ ತರವಾಡು ಮನೆಯಲ್ಲಿ ವರ್ಷಕ್ಕೊಮ್ಮೆ ತಂಬಿಲ ನಡೆಯುತ್ತದೆ. ಅಂದು ಮುಂಬಯಿ, ಬೆಂಗಳೂರು, ಕೊಲ್ಲಿ ನಾಡುಗಳಲ್ಲಿ ಚದುರಿಹೋದ ಬಂಧುಗಳು ಒಂದೇ ಅಂಗಳದಲ್ಲಿ ಬಂದು ಸೇರುವುದು ವಾಡಿಕೆ. ಈ ಸಲ ಚಾವಡಿಯಲ್ಲಿ ಕುಳಿತಿದ್ದ ಹಿರಿಯಜ್ಜಿಯೊಬ್ಬರು, ಅಂಗಳದಲ್ಲಿ ಓಡಾಡುತ್ತಿದ್ದ ಹುಡುಗನೊಬ್ಬನನ್ನು ಹತ್ತಿರಕ್ಕೆ ಕರೆದು, "ನೀನು ಯಾರ ಪೈಕಿ ಮಗಾ?" ಎಂದು ವಿಚಾರಿಸಿದರು. ಹುಡುಗ ತಬ್ಬಿಬ್ಬಾದ. ಸ್ವಲ್ಪ ಯೋಚಿಸಿ, ತಾನು ವಾಸಿಸುವ ಕಟ್ಟಡದ ಹೆಸರನ್ನೂ ಮಹಡಿಯ ಸಂಖ್ಯೆಯನ್ನೂ ಹೇಳಿದ. "ಅದು ನೀನು ಇರುವ ಜಾಗ ಮಗಾ. ನಾನು ಕೇಳಿದ್ದು ನೀನು ಯಾರವನು ಎಂದು" ಎಂದರು ಅಜ್ಜಿ. ನೆರೆದವರೆಲ್ಲ ನಕ್ಕರು. ನಾವೂ ನಕ್ಕೆವು. ಆದರೆ ಮನೆಗೆ ಮರಳುವ ಹಾದಿಯಲ್ಲಿ ಆ ನಗು ನಮ್ಮ ಮೋರೆಯ ಮೇಲೆ ಬಹಳ ಹೊತ್ತು ನಿಲ್ಲಲಿಲ್ಲ.

ಪ್ರಿಯ ವಾಚಕರೇ, ಇರುವ ಜಾಗ ಬೇರೆ, ನಾವು ಯಾರವರು ಎಂಬುದು ಬೇರೆ. ಈ ಭೇದವನ್ನು ಗಡಿನಾಡಿನ ನಮಗೆ ಯಾರೂ ಕಲಿಸಬೇಕಾದುದಿಲ್ಲ. ಆದರೂ ಅದನ್ನು ನಾವು ಮರೆಯುತ್ತಿರುವೆವೋ ಎಂಬ ಶಂಕೆ ಮೂಡಿದಾಗ, ಬಹುದೂರದ ಆಸ್ಟ್ರೇಲಿಯದ ಒಂದು ಆಟದ ಮೈದಾನ ನಮ್ಮ ನೆನಪಿಗೆ ಬಂದಿತು. ಅಲ್ಲಿಯೂ ಹಿರಿಯರು ಕಿರಿಯರನ್ನು ಕಂಡಾಗ ಮೊದಲು ಕೇಳುವ ಪ್ರಶ್ನೆ ಇದೇ: ನೀನು ಯಾರ ಪೈಕಿ, ನಿನ್ನ ಜನ ಎಲ್ಲಿಯವರು? ಆ ಪ್ರಶ್ನೆಗೆ ವರ್ಷಕ್ಕೊಮ್ಮೆ ಸಾವಿರಾರು ಮಂದಿ ಒಂದೆಡೆ ಸೇರಿ, ಅಂಗಿಯ ಮೇಲೆ ತಮ್ಮ ಊರಿನ ಹೆಸರನ್ನು ಧರಿಸಿ ಉತ್ತರ ಕೊಡುತ್ತಾರೆ. ಈ ತಿಂಗಳು ಆ ಪಂದ್ಯಾವಳಿಯ ಕಥೆಯನ್ನು ಹೇಳಬಯಸುತ್ತೇವೆ.

ಅದರ ಹೆಸರು ಕೂರಿ ನಾಕೌಟ್. 'ಕೂರಿ' ಎಂಬುದು ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ಪ್ರಾಂತಗಳ ಮೂಲನಿವಾಸಿಗಳು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು. ಸೋತ ತಂಡ ಹೊರಬೀಳುವ ಪಂದ್ಯಾವಳಿ ಎಂಬುದು 'ನಾಕೌಟ್' ಪದದ ತಾತ್ಪರ್ಯ. ನ್ಯೂ ಸೌತ್ ವೇಲ್ಸಿನಲ್ಲಿ ಅಕ್ಟೋಬರ್ ತಿಂಗಳ ಮೊದಲ ಸೋಮವಾರ ಕಾರ್ಮಿಕರ ದಿನದ ರಜೆ. ಅದಕ್ಕೆ ಅಂಟಿಕೊಂಡ ಶನಿವಾರ ಭಾನುವಾರಗಳೂ ಸೇರಿ ದೊರೆಯುವ ದೀರ್ಘ ವಿರಾಮದಲ್ಲಿ ಈ ಪಂದ್ಯಾವಳಿ ಜರುಗುತ್ತದೆ. ಈಚಿನ ವರ್ಷಗಳಲ್ಲಿ ಗಂಡಸರು, ಹೆಂಗಸರು, ಎಳೆಯರು ಎಲ್ಲ ಸೇರಿ ನೂರಕ್ಕೂ ಮೀರಿದ ತಂಡಗಳು ಅದರಲ್ಲಿ ಭಾಗವಹಿಸುತ್ತವೆ. ಆಸ್ಟ್ರೇಲಿಯದ ಮೂಲನಿವಾಸಿಗಳು ಸೇರುವ ಅತಿ ದೊಡ್ಡ ಕೂಟಗಳಲ್ಲಿ ಇದೂ ಒಂದು. ಅಲ್ಲಿ ಆಡುವುದು ರಗ್ಬಿ ಲೀಗ್ ಎಂಬ ಆಟ.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಪಕ್ಷವೊಂದಕ್ಕೆ ೧೩ ಮಂದಿ, ಮೊಟ್ಟೆಯಾಕಾರದ ಚೆಂಡು. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಎದುರಾಳಿಯ ಗೆರೆಯತ್ತ ಓಡಬೇಕು. ಕೈಯಿಂದ ಕೊಡುವುದಾದರೆ ಹಿಂದಿನವನಿಗೆ ಮಾತ್ರ ಕೊಡಬಹುದು. ಮುಂದಕ್ಕೆ ಎಸೆಯುವುದು ನಿಷಿದ್ಧ. ಎದುರಾಳಿಗಳು ಓಡುವವನನ್ನು ನಮ್ಮ ಕಬಡ್ಡಿಯಲ್ಲಿ ಹಿಡಿಯುವಂತೆಯೇ ಹಿಡಿದು ಕೆಡಹುತ್ತಾರೆ. ಬಿದ್ದವನು ಎದ್ದು ಚೆಂಡನ್ನು ಹಿಮ್ಮಡಿಯಿಂದ ಹಿಂದಕ್ಕೆ ಹೊರಳಿಸಿ ಆಟ ಮುಂದುವರಿಸುತ್ತಾನೆ. ಹೀಗೆ ಆರು ಬಾರಿ ಹಿಡಿಸಿಕೊಂಡರೆ ಚೆಂಡು ಎದುರು ಪಕ್ಷದ ಪಾಲಾಗುತ್ತದೆ. ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ೪ ಅಂಕ. ಬಳಿಕ ಅದನ್ನು ಕಂಬಗಳ ನಡುವೆ ಒದೆದು ದಾಟಿಸಿದರೆ ಮತ್ತೆ ೨. ಮೈಗೆ ಮೈ ಒಡ್ಡಿ ಆಡುವ ಒರಟು ಆಟವಿದು. ಆದರೆ ಒಂಟಿಯಾಗಿ ಆಡಲಾಗದ ಆಟವೂ ಹೌದು. ಮುಂದೆ ಓಡುವವನು ಹಿಂದೆ ತನ್ನವರು ಬರುತ್ತಿರುವರೆಂಬ ಭರವಸೆಯಿಂದಲೇ ಓಡಬೇಕು.

ಈ ಆಟದ ಹುಟ್ಟಿನಲ್ಲಿಯೂ ಬಡವರ ಕಥೆಯೊಂದು ಅಡಗಿದೆ. ಇಂಗ್ಲೆಂಡಿನ ಉತ್ತರ ಭಾಗದ ಗಣಿಗಳಲ್ಲಿ, ಗಿರಣಿಗಳಲ್ಲಿ ದುಡಿಯುವವರು ರಗ್ಬಿ ಆಡಲು ಹೋದ ದಿನ ಅವರ ಕೂಲಿ ತಪ್ಪುತ್ತಿತ್ತು. ತಪ್ಪಿದ ಕೂಲಿಯನ್ನು ಕಟ್ಟಿಕೊಡಲು ಅನುಮತಿಸಬೇಕೆಂದು ಅಲ್ಲಿನ ಕ್ಲಬ್ಬುಗಳು ಕೇಳಿದವು. ಹಣ ಮುಟ್ಟಿದರೆ ಆಟದ ಪಾವಿತ್ರ್ಯ ಕೆಡುವುದೆಂದು ರಗ್ಬಿಯ ಆಡಳಿತ ಒಪ್ಪಲಿಲ್ಲ. ಕೂಲಿಯ ಚಿಂತೆಯಿಲ್ಲದವರಿಗೆ ಪಾವಿತ್ರ್ಯ ಕಾಪಾಡುವುದು ಸುಲಭ! ೧೮೯೫ರ ಆಗಸ್ಟ್ ೨೯ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ಬೇರೆಯಾದವು. ದಿನಕ್ಕೆ ೬ ಶಿಲಿಂಗ್ ಪರಿಹಾರ ಕೊಡುವುದೆಂದು ನಿಶ್ಚಯಿಸಿದವು. ಮುಂದೆ ಆಟಗಾರರ ಸಂಖ್ಯೆ ೧೫ರಿಂದ ೧೩ಕ್ಕೆ ಇಳಿದು ರಗ್ಬಿ ಲೀಗ್ ರೂಪುಗೊಂಡಿತು. ೧೯೦೭ರಲ್ಲಿ ಸಿಡ್ನಿಯಲ್ಲಿ ಅದರ ಸಂಸ್ಥೆ ಸ್ಥಾಪನೆಯಾಗಿ, ೧೯೦೮ರಲ್ಲಿ ಕ್ಲಬ್ಬುಗಳ ಪಂದ್ಯಗಳು ಮೊದಲಾದವು. ಕೆಲವೇ ದಶಕಗಳಲ್ಲಿ ಅದು ನ್ಯೂ ಸೌತ್ ವೇಲ್ಸಿನ ಶ್ರಮಿಕರ ಆಟವಾಯಿತು. ಮೂಲನಿವಾಸಿಗಳ ಆಟವೂ ಆಯಿತು.

ಹಣಕ್ಕಾಗಿ ಆಡುವ ಕ್ಲಬ್ಬಿಗೂ ಊರಿಗಾಗಿ ಆಡುವ ಹವ್ಯಾಸಿ ತಂಡಕ್ಕೂ ಒಂದು ಅಂತರವುಂಟು. ಕ್ಲಬ್ಬನ್ನು ಸೇರಬಹುದು, ಬಿಡಬಹುದು, ಹೆಚ್ಚು ಸಂಬಳ ಕೊಡುವ ಇನ್ನೊಂದಕ್ಕೆ ಹೋಗಬಹುದು. ಊರಿನ ತಂಡಕ್ಕೆ ಹಾಗೆ ಸೇರಲಾಗದು; ಅದಕ್ಕೆ ನಾವು ಮೊದಲೇ ಸೇರಿದವರಾಗಿರಬೇಕು. ಈ ಅಂತರವನ್ನು ಕೂರಿ ಜನರಷ್ಟು ಬಲ್ಲವರು ವಿರಳ. ಏಕೆಂದರೆ ಅವರು ಎಲ್ಲಿ ಇರಬೇಕು, ಯಾರೊಡನೆ ಇರಬೇಕು ಎಂಬುದನ್ನು ಬಹುಕಾಲ ಇತರರು ನಿರ್ಧರಿಸುತ್ತಿದ್ದರು.

ಆ ಇತಿಹಾಸವನ್ನು ಸಂಕ್ಷೇಪವಾಗಿಯಾದರೂ ಹೇಳದೆ ಈ ಆಟದ ಅರ್ಥ ತಿಳಿಯದು. ೧೮೮೩ರಲ್ಲಿ ನ್ಯೂ ಸೌತ್ ವೇಲ್ಸ್ ಸರಕಾರ ಮೂಲನಿವಾಸಿಗಳ 'ರಕ್ಷಣಾ ಮಂಡಲಿ'ಯೊಂದನ್ನು ರಚಿಸಿತು. ೧೯೦೯ರ ಕಾನೂನು ಆ ಮಂಡಲಿಗೆ ವಿಶೇಷ ಅಧಿಕಾರಗಳನ್ನು ಕೊಟ್ಟಿತು. ೧೯೪೦ರಲ್ಲಿ 'ರಕ್ಷಣೆ' ಎಂಬ ಹೆಸರು ಹೋಗಿ 'ಕಲ್ಯಾಣ' ಎಂಬ ಹೆಸರು ಬಂದಿತು. ಅಧಿಕಾರ ಮಾತ್ರ ಹಾಗೆಯೇ ಉಳಿಯಿತು. ಸರಕಾರಿ ವಸತಿಗಳಲ್ಲಿ ಮೇಲ್ವಿಚಾರಕನ ಕಣ್ಣಳತೆಯಲ್ಲಿ ಬದುಕು. ಒಂದು ವಸತಿ ಮುಚ್ಚಿದರೆ ಮತ್ತೊಂದಕ್ಕೆ ಸಾಗಾಟ. ೧೯೪೩ರಿಂದ 'ವಿನಾಯಿತಿ ಪತ್ರ' ಎಂಬುದೊಂದು ಜಾರಿಗೆ ಬಂದಿತು. ಅದನ್ನು ಪಡೆದವನಿಗೆ ಕಾನೂನಿನ ನಿರ್ಬಂಧಗಳಿಂದ ಬಿಡುಗಡೆ. ಆದರೆ ತನ್ನ ಬಂಧುಗಳಿರುವ ವಸತಿಯಲ್ಲಿ ವಾಸಿಸುವ ಹಕ್ಕನ್ನು ಅವನು ಬಿಟ್ಟುಕೊಡಬೇಕು. ಮನುಷ್ಯನಾಗಬೇಕಾದರೆ ನಿನ್ನವರನ್ನು ಬಿಡು ಎಂಬುದೇ ಅದರ ಸಾರಾಂಶ. ಜನರು ಆ ಕಾಗದವನ್ನು 'ನಾಯಿಯ ಲೈಸೆನ್ಸು' ಎಂದು ಕರೆದರು.

ಇನ್ನು ಮಕ್ಕಳ ವಿಷಯ. ತಾಯಂದಿರ ಮಡಿಲಿನಿಂದ ಮಕ್ಕಳನ್ನು ಬೇರ್ಪಡಿಸಿ ಸರಕಾರಿ ನಿಲಯಗಳಲ್ಲಿ ಇರಿಸುವ ಪದ್ಧತಿ ದಶಕಗಳ ಕಾಲ ನಡೆಯಿತು. ಹುಡುಗಿಯರನ್ನು ಕೂಟಮಂಡ್ರಾ ಎಂಬ ಪಟ್ಟಣದ ನಿಲಯಕ್ಕೂ, ಹುಡುಗರನ್ನು ಕೆಂಪ್ಸಿ ಪಟ್ಟಣದ ಸಮೀಪದ ಕಿಂಚೆಲಾ ನಿಲಯಕ್ಕೂ ಒಯ್ಯುತ್ತಿದ್ದರು. ಕಿಂಚೆಲಾ ನಿಲಯ ೧೯೨೪ರಿಂದ ೧೯೭೦ರವರೆಗೆ ಇತ್ತು. ಅಲ್ಲಿ ಹುಡುಗರನ್ನು ಹೆಸರು ಹಿಡಿದು ಕರೆಯದೆ ಸಂಖ್ಯೆ ಹಿಡಿದು ಕರೆಯುತ್ತಿದ್ದರು. ಯಾರ ಪೈಕಿ ಎಂದು ಕೇಳಿದರೆ ಆ ಹುಡುಗ ಏನೆಂದು ಉತ್ತರಿಸಿಯಾನು? ನಮ್ಮ ಅಂಗಳದ ಹುಡುಗ ಮಹಡಿಯ ಸಂಖ್ಯೆಯನ್ನಾದರೂ ಹೇಳಿದ. ಅದು ಅಪ್ಪ ಅಮ್ಮ ಇರುವ ಮಹಡಿ. ಕಿಂಚೆಲಾದ ಹುಡುಗನಿಗೆ ಸಂಖ್ಯೆಯೇ ಹೆಸರಾಗಿತ್ತು.

೧೯೬೦ರ ದಶಕದಲ್ಲಿ ಗಾಳಿ ಬೀಸುವ ದಿಕ್ಕು ಸ್ವಲ್ಪ ಬದಲಾಯಿತು. ೧೯೬೫ರ ಫೆಬ್ರವರಿಯಲ್ಲಿ ಚಾರ್ಲ್ಸ್ ಪರ್ಕಿನ್ಸ್ ಎಂಬ ಮೂಲನಿವಾಸಿ ಯುವಕರ ನೇತೃತ್ವದಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬಸ್ಸೊಂದನ್ನು ಏರಿ ಒಳನಾಡಿನ ಊರುಗಳಿಗೆ ಹೋದರು. ವಾಲ್‌ಗೆಟ್ ಪಟ್ಟಣದಲ್ಲಿ ಮಾಜಿ ಸೈನಿಕರ ಸಂಘದೊಳಗೆ ಮೂಲನಿವಾಸಿ ಸೈನಿಕರಿಗೆ ಪ್ರವೇಶವಿಲ್ಲದುದನ್ನು ಪ್ರತಿಭಟಿಸಿದರು. ಮೋರೀ ಪಟ್ಟಣದಲ್ಲಿ ಈಜುಕೊಳಕ್ಕೆ ಮೂಲನಿವಾಸಿ ಮಕ್ಕಳನ್ನು ಬಿಡದುದನ್ನು ಎದುರಿಸಿ ನಿಂತರು. ೧೯೬೭ರ ಮೇ ೨೭ರ ಜನಮತಗಣನೆಯಲ್ಲಿ ಆಸ್ಟ್ರೇಲಿಯದ ಮತದಾರರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಮೂಲನಿವಾಸಿಗಳ ಪರವಾಗಿ ಸಂವಿಧಾನದ ತಿದ್ದುಪಡಿಗೆ ಒಪ್ಪಿದರು. ೧೯೬೯ರಲ್ಲಿ ಆ 'ಕಲ್ಯಾಣ' ಮಂಡಲಿ ರದ್ದಾಯಿತು. ಹಳ್ಳಿಗಳಲ್ಲಿ ಕೆಲಸ ಕಡಿಮೆಯಾಗಿ, ಜನರು ಗುಂಪು ಗುಂಪಾಗಿ ಸಿಡ್ನಿಯ ರೆಡ್‌ಫರ್ನ್ ಮೊದಲಾದ ಕೇರಿಗಳಿಗೆ ವಲಸೆ ಬಂದರು. ಅಲ್ಲಿ ಬಾಡಿಗೆಮನೆ, ಕಾರ್ಖಾನೆಯ ಕೂಲಿ; ಮನಸ್ಸು ಮಾತ್ರ ನೂರಾರು ಮೈಲಿ ದೂರದ ನದೀತೀರದಲ್ಲಿ.

ಆ ಕೇರಿಯಲ್ಲಿಯೇ ಕೂರಿ ನಾಕೌಟಿನ ಬೀಜ ಮೊಳೆಯಿತು. ಬಾಬ್ ಸ್ಮಿತ್, ಬಾಬ್ ಮಾರ್ಗನ್, ಬಿಲ್ ಕೆನೆಡಿ, ಡ್ಯಾನಿ ರೋಸ್, ವಿಕ್ಟರ್ ರೈಟ್, ಜಾರ್ಜ್ ಜಾಕ್ಸನ್ ಎಂಬ ಆರು ಮಂದಿ ತರುಣರು 'ಕೂರಿ ಯುನೈಟೆಡ್' ಎಂಬ ತಂಡವನ್ನು ಕಟ್ಟಿದ್ದರು. ಹಳ್ಳಿಗಾಡಿನಿಂದ ಬಂದ ಅವರ ಮನಸ್ಸಿನಲ್ಲಿ ಎರಡು ಉದ್ದೇಶಗಳಿದ್ದವು. ಒಂದು, ಒಳನಾಡಿನಲ್ಲಿ ಎಷ್ಟೋ ಸಮರ್ಥ ಆಟಗಾರರು ದೊಡ್ಡ ಕ್ಲಬ್ಬುಗಳ ಕಣ್ಣಿಗೆ ಬೀಳದೆ ಬಾಡಿಹೋಗುತ್ತಿದ್ದರು. ಅವರನ್ನು ಎಲ್ಲರಿಗೂ ಕಾಣುವಲ್ಲಿ ಆಡಿಸಬೇಕು. ಎರಡು, ಚದುರಿದ ಕುಟುಂಬಗಳು ವರ್ಷಕ್ಕೊಮ್ಮೆಯಾದರೂ ಒಂದೆಡೆ ಸೇರಬೇಕು.

ಮೊದಲನೆಯ ಉದ್ದೇಶಕ್ಕೆ ಕಾರಣವಿಲ್ಲದಿರಲಿಲ್ಲ. ಅವಕಾಶ ದೊರೆತ ಕೆಲವರು ಎಂತಹ ಆಟ ಆಡಬಲ್ಲರೆಂಬುದನ್ನು ಆಗಲೇ ಲೋಕ ಕಂಡಿತ್ತು. ಕರೂವಾ ಎಂಬಲ್ಲಿನ ಮೂಲನಿವಾಸಿಗಳ ವಸತಿಯಲ್ಲಿ ಹುಟ್ಟಿದ ಎರಿಕ್ ಸಿಮ್ಸ್ ಅವರು ಸೌತ್ ಸಿಡ್ನಿ ಕ್ಲಬ್ಬಿಗೆ ಆಡುತ್ತಿದ್ದರು. ಚೆಂಡನ್ನು ನೆಲಕ್ಕೆ ಬಿಟ್ಟು, ಅದು ಪುಟಿಯುವ ಕ್ಷಣದಲ್ಲಿ ಒದೆದು ಕಂಬಗಳ ನಡುವೆ ದಾಟಿಸುವ ಕೌಶಲದಲ್ಲಿ ಅವರಿಗೆ ಸರಿಸಾಟಿಯಿರಲಿಲ್ಲ. ಒಂದೇ ಪಂದ್ಯದಲ್ಲಿ ಐದು ಬಾರಿ ಹಾಗೆ ದಾಟಿಸಿದವರು ಅವರು. ಅಂತಹ ಒದೆತಕ್ಕೆ ಆಗ ೨ ಅಂಕಗಳಿದ್ದವು. ೧೯೭೧ರಲ್ಲಿ ಆಸ್ಟ್ರೇಲಿಯದಲ್ಲಿ ಅದನ್ನು ೧ಕ್ಕೆ ಇಳಿಸಲಾಯಿತು. ಸಿಮ್ಸ್ ಅವರ ಕಾಲ್ಚಳಕವೂ ಅದಕ್ಕೊಂದು ಕಾರಣವಾಗಿತ್ತು. ಒಬ್ಬ ಆಟಗಾರನಿಗಾಗಿ ನಿಯಮದ ಪುಸ್ತಕವನ್ನೇ ತಿದ್ದಬೇಕಾಗಿ ಬಂದುದು ಸಣ್ಣ ಗೌರವವಲ್ಲ. ಅಂತಹವರು ಇನ್ನೆಷ್ಟು ಮಂದಿ ವಾಲ್‌ಗೆಟ್, ಮೋರೀಗಳ ಧೂಳಿನಲ್ಲಿ ಯಾರೂ ಕಾಣದೆ ಆಡಿ ಮುದುಕರಾದರೋ!

೧೯೭೧ರ ಅಕ್ಟೋಬರಿನ ಅದೇ ದೀರ್ಘ ವಿರಾಮದಲ್ಲಿ, ಸಿಡ್ನಿಯ ಸೇಂಟ್ ಪೀಟರ್ಸ್ ಬಡಾವಣೆಯ ಕ್ಯಾಮ್ಡನ್‌ವಿಲ್ ಮೈದಾನದಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ಬಂದವು ಏಳು ತಂಡಗಳು: ಕೂರಿ ಯುನೈಟೆಡ್, ರೆಡ್‌ಫರ್ನ್ ಆಲ್ ಬ್ಲ್ಯಾಕ್ಸ್, ಕೆಂಪ್ಸಿ, ಲಾ ಪೆರೂಸ್, ವಾಲ್‌ಗೆಟ್, ಮೋರೀ, ಮತ್ತು ಮೌಂಟ್ ಡ್ರೂಯಿಟ್ ಹಾಗೂ ದಕ್ಷಿಣ ಕರಾವಳಿಯವರು ಸೇರಿದ ಒಂದು ಜಂಟಿ ತಂಡ. ಈ ಹೆಸರುಗಳನ್ನು ವಾಚಕರು ಮತ್ತೊಮ್ಮೆ ಓದಬೇಕು. ಈಜುಕೊಳದ ಬಾಗಿಲು ಮುಚ್ಚಿದ್ದ ಮೋರೀ, ಸೈನಿಕರ ಸಂಘದ ಬಾಗಿಲು ಮುಚ್ಚಿದ್ದ ವಾಲ್‌ಗೆಟ್, ಮಕ್ಕಳನ್ನು ಸಂಖ್ಯೆಯಾಗಿಸಿದ ನಿಲಯ ಪಕ್ಕದಲ್ಲಿಯೇ ಇದ್ದ ಕೆಂಪ್ಸಿ. ಆ ಊರುಗಳ ಹೆಸರನ್ನೇ ಹೆಮ್ಮೆಯಿಂದ ಎದೆಯ ಮೇಲೆ ಹೊತ್ತು ಅವರು ಮೈದಾನಕ್ಕೆ ಇಳಿದರು. ಊರು ತಮ್ಮನ್ನು ಹೊರಗಿಟ್ಟಿದ್ದರೂ ಊರು ತಮ್ಮದೇ ಎಂಬ ಘೋಷಣೆ ಅದು. ತಮ್ಮನ್ನು ಹೊರಗಿಟ್ಟವರ ಊರಿಗಿಂತ ತಮ್ಮ ಊರು ಎಷ್ಟೋ ಹಳೆಯದೆಂಬುದು ಅವರಿಗೆ ಗೊತ್ತಿತ್ತು.

ಆ ಮೊದಲ ವರ್ಷ ಗೆದ್ದ ತಂಡ ಲಾ ಪೆರೂಸ್. ಸಿಡ್ನಿಯ ಬಾಟನಿ ಕೊಲ್ಲಿಯ ದಡದಲ್ಲಿರುವ ಆ ಜಾಗಕ್ಕೆ ೧೭೮೮ರಲ್ಲಿ ಬಂದಿದ್ದ ಫ್ರೆಂಚ್ ನಾವಿಕನ ಹೆಸರು ಅಂಟಿಕೊಂಡಿದೆ. ನೆಲೆಸಲು ಹೊರಟ ಬ್ರಿಟಿಷರ ಮೊದಲ ಹಡಗುಗಳು ಬಂದುದೂ ಅದೇ ವರ್ಷ, ಅದೇ ಕೊಲ್ಲಿಗೆ. ಆದರೂ ಮಹಾನಗರ ಸುತ್ತಲೂ ಬೆಳೆದು ನಿಂತ ಮೇಲೂ ಅಲ್ಲಿ ಮೂಲನಿವಾಸಿಗಳ ವಸತಿ ಅಳಿಯದೆ ಉಳಿಯಿತು. ಚದುರಿದವರನ್ನು ಒಟ್ಟುಗೂಡಿಸಲು ಮಾಡಿದ ಮೊದಲ ಪಂದ್ಯಾವಳಿಯಲ್ಲಿ, ಎಲ್ಲಕ್ಕಿಂತ ಮೊದಲು ಪೆಟ್ಟು ತಿಂದ ದಡದಲ್ಲಿಯೇ ಬೇರೂರಿ ನಿಂತವರು ಗೆದ್ದರು.

ಇನ್ನು ಈ ಪಂದ್ಯಾವಳಿಯ ಒಂದು ನಿಯಮವನ್ನು ಹೇಳಲೇಬೇಕು. ನಮ್ಮ ಮನಸ್ಸನ್ನು ಹೆಚ್ಚು ಸೆಳೆದುದು ಅದೇ. ಈ ವರ್ಷ ಗೆದ್ದವರು ಮುಂದಿನ ವರ್ಷ ಎಲ್ಲರನ್ನೂ ಕರೆದು ಪಂದ್ಯಾವಳಿಯನ್ನು ನಡೆಸಿಕೊಡಬೇಕು. ಗೆಲುವಿನ ಫಲ ಆತಿಥ್ಯದ ಹೊಣೆ! ಮೈದಾನ, ನೀರು, ನೆರಳು, ತೀರ್ಪುಗಾರರು, ವೈದ್ಯರು, ಸಾವಿರಾರು ಮಂದಿಯ ವಾಸ್ತವ್ಯ, ಊಟ, ಎಲ್ಲದರ ಭಾರ ಗೆದ್ದವರ ಹೆಗಲಿಗೆ. ನಮ್ಮಲ್ಲಿ ಬಹುಮಾನವೆಂದರೆ ಮನೆಗೆ ಒಯ್ಯುವ ವಸ್ತು. ಅಲ್ಲಿ ಬಹುಮಾನವೆಂದರೆ ಮನೆಗೆ ಬರುವ ನೆಂಟರು. ಇದರಿಂದ ಪಂದ್ಯಾವಳಿ ಸಿಡ್ನಿಗೆ ಮಾತ್ರ ಕಟ್ಟುಬೀಳದೆ ಕರಾವಳಿಗೂ ಒಳನಾಡಿಗೂ ಸಂಚರಿಸಿತು. ಒಂದು ವರ್ಷ ಒಬ್ಬರ ನಾಡು, ಮರುವರ್ಷ ಇನ್ನೊಬ್ಬರ ನಾಡು. ಅತಿಥಿಗಳು ಆ ನೆಲದ ಹಿರಿಯರ ಸ್ವಾಗತ ಪಡೆದೇ ಆಟಕ್ಕೆ ಇಳಿಯುತ್ತಾರೆ.

೨೦೧೯ರಲ್ಲಿ ದಕ್ಷಿಣ ಕರಾವಳಿಯ ತಂಡ ಗೆದ್ದಿತು. ಮರುವರ್ಷ ನಡೆಸಿಕೊಡಬೇಕೆನ್ನುವಷ್ಟರಲ್ಲಿ ಕೊರೋನಾ ವ್ಯಾಧಿ ಲೋಕವನ್ನೆಲ್ಲ ಕಾಡಿತು. ೨೦೨೦ರಲ್ಲಿ ಪಂದ್ಯಾವಳಿ ನಡೆಯಲಿಲ್ಲ. ೨೦೨೧ ಮೊದಲ ಪಂದ್ಯಾವಳಿಯ ಐವತ್ತನೆಯ ವರ್ಷ, ಆಗಲೂ ನಡೆಯಲಿಲ್ಲ. ಹಿರಿಯರ ಪ್ರಾಣ ಎಲ್ಲಕ್ಕಿಂತ ದೊಡ್ಡದೆಂದು ಸುಮ್ಮನಿರಬೇಕಾಯಿತು. ಕೊನೆಗೆ ೨೦೨೨ರಲ್ಲಿ ನೌರಾ ಪಟ್ಟಣದ ಪಕ್ಕದಲ್ಲಿ ಆ ತಂಡ ತನ್ನ ಹೊಣೆಯನ್ನು ನಿರ್ವಹಿಸಿತು. ಮೂರು ವರ್ಷ ಕಾದು ತೀರಿಸಿದ ಹರಕೆಯಂತೆ ಅದು ನಮಗೆ ತೋರಿತು.

ಮೈದಾನದ ಸುತ್ತಲಿನ ನೋಟವೇ ಒಂದು ಜಾತ್ರೆ. ಡೇರೆಗಳು, ಗಾಡಿಗಳು, ಒಲೆಗಳು; ಮೂರು ತಲೆಮಾರಿನವರು ಒಂದೇ ಕಂಬಳಿಯ ಮೇಲೆ. ತಂಡದ ಅಂಗಿಗಳ ಮೇಲೆ ಆ ನಾಡಿನ ಪ್ರಾಣಿಪಕ್ಷಿಗಳು, ನದಿಗಳು, ಅಗಲಿದ ಹಿರಿಯರ ಹೆಸರುಗಳು ಚಿತ್ರಿತವಾಗಿರುತ್ತವೆ. ದೊಡ್ಡ ಕ್ಲಬ್ಬುಗಳಲ್ಲಿ ಭಾರೀ ಸಂಬಳ ಪಡೆಯುವ ಪ್ರಸಿದ್ಧ ಆಟಗಾರರೂ ಅಂದು ಊರಿನ ಅಂಗಿ ತೊಟ್ಟು, ಚಿಕ್ಕಪ್ಪನ ಮಕ್ಕಳೊಡನೆ, ಭಾವಮೈದುನರೊಡನೆ ಆಡುವುದುಂಟು. ವಾರವಿಡೀ ದುಡಿಯುವ ಸಾಮಾನ್ಯನೊಬ್ಬ ಅಂತಹ ತಾರೆಯನ್ನು ಹಿಡಿದು ಕೆಡವಿದರೆ, ಆ ಕಥೆ ಅವನ ಮೊಮ್ಮಕ್ಕಳವರೆಗೆ ನಡೆಯುತ್ತದೆ. ಹುಡುಗನೊಬ್ಬ ಎದುರು ತಂಡದವನ ಮುಖದಲ್ಲಿ ತನ್ನ ಅಜ್ಜನ ಮೂಗನ್ನು ಗುರುತಿಸಿ, ಆಟ ಮುಗಿದ ಮೇಲೆ ಹೋಗಿ ವಿಚಾರಿಸಿದರೆ ಆಶ್ಚರ್ಯವಿಲ್ಲ. ಮುರಿದ ವಂಶವೃಕ್ಷದ ಕೊಂಬೆಗಳು ಜೋಡಣೆಯಾಗುವುದು ಕಚೇರಿಗಳಲ್ಲಿ ಮಾತ್ರವಲ್ಲ. ಇಂತಹ ಮೈದಾನದ ಬದಿಯಲ್ಲಿಯೂ ಹೌದು.

ಗಡಿಯ ವಿಚಾರವನ್ನೂ ಇಲ್ಲಿ ಹೇಳಬೇಕು. ೧೮೫೯ರಲ್ಲಿ ಕ್ವೀನ್ಸ್‌ಲ್ಯಾಂಡ್ ನ್ಯೂ ಸೌತ್ ವೇಲ್ಸಿನಿಂದ ಬೇರೆಯಾಯಿತು. ಹಾಗೆ ಎಳೆದ ಗೆರೆ ಕಮಿಲರೋಯ್ ಜನರ ನಾಡನ್ನೂ ಬಂಡ್ಜಲಂಗ್ ಜನರ ನಾಡನ್ನೂ ಎರಡಾಗಿ ಸೀಳಿಕೊಂಡು ಹೋಯಿತು. ಒಂದೇ ಭಾಷೆಯವರು, ಒಂದೇ ಅಜ್ಜಿಯ ಸಂತತಿಯವರು, ಎರಡು ಸರಕಾರಗಳ ಎರಡು ಕಾನೂನುಗಳಿಗೆ ಒಳಗಾದರು. ೧೯೫೬ರ ಗೆರೆಗಳನ್ನು ಬಲ್ಲ ನಮಗೆ ಇದರ ವ್ಯಾಖ್ಯಾನ ಬೇಡ. ಕುತೂಹಲದ ಸಂಗತಿಯೆಂದರೆ, ಆಸ್ಟ್ರೇಲಿಯದ ವೃತ್ತಿನಿರತ ರಗ್ಬಿ ಲೀಗೂ ಕೊನೆಗೆ ಇದೇ ವಿವೇಕಕ್ಕೆ ಬಂದಿತು. ಪ್ರಾಂತಗಳ ಪಂದ್ಯಗಳಲ್ಲಿ ಆಟಗಾರ ತಾನು ಸಂಬಳ ಪಡೆಯುವ ಪ್ರಾಂತಕ್ಕೆ ಆಡಬೇಕೆಂಬ ಪದ್ಧತಿ ಮೊದಲು ಇತ್ತು. ೧೯೮೦ರ ಜುಲೈ ೮ರಂದು ಬ್ರಿಸ್ಬೇನಿನಲ್ಲಿ ಮೊದಲ ಬಾರಿಗೆ ಆಟಗಾರನ ಮೂಲವನ್ನು ನೋಡಿ ತಂಡ ಕಟ್ಟಲಾಯಿತು. ಕ್ವೀನ್ಸ್‌ಲ್ಯಾಂಡ್ ೨೦-೧೦ರಿಂದ ಗೆದ್ದಿತು. ಅಂದು ಅದರ ನಾಯಕರಾಗಿದ್ದವರು ಆರ್ಥರ್ ಬೀಟ್ಸನ್. ಹದಿನಾಲ್ಕು ವರ್ಷ ಸಿಡ್ನಿಯ ಕ್ಲಬ್ಬುಗಳಿಗೆ ದುಡಿದು, ವೃತ್ತಿಜೀವನದ ಸಂಜೆಯಲ್ಲಿ ಮೊದಲ ಬಾರಿಗೆ ಹುಟ್ಟಿದ ಪ್ರಾಂತದ ಅಂಗಿ ತೊಟ್ಟ ಮೂಲನಿವಾಸಿ ಆಟಗಾರರು. ೧೯೭೦ರ ದಶಕದಲ್ಲಿ ಅವರು ಆಸ್ಟ್ರೇಲಿಯ ರಾಷ್ಟ್ರೀಯ ತಂಡದ ನಾಯಕತ್ವವನ್ನೂ ವಹಿಸಿದ್ದರು. ದುಡಿಮೆ ಎಲ್ಲಿಯೇ ಇರಲಿ, ಆಡುವುದು ನಮ್ಮವರಿಗೆ ಎಂಬ ಮಾತನ್ನು ವೃತ್ತಿಪರರು ೧೯೮೦ರಲ್ಲಿ ಕಲಿತರೆ, ಸೇಂಟ್ ಪೀಟರ್ಸ್ ಮೈದಾನದ ಏಳು ಬಡ ತಂಡಗಳು ಒಂಬತ್ತು ವರ್ಷ ಮೊದಲೇ ಆಡಿ ತೋರಿಸಿದ್ದವು.

ಇಷ್ಟೆಲ್ಲ ಹೇಳಿ, ಆಟವೊಂದರಿಂದ ಎಲ್ಲ ಗಾಯಗಳೂ ಮಾಯುವುವೆಂದು ನಾವು ಬರೆದರೆ ಅದು ಅಪ್ರಾಮಾಣಿಕವಾದೀತು. ಮೈದಾನದಲ್ಲಿ ಪೆಟ್ಟುಗಳಾಗುತ್ತವೆ. ಹಳೆಯ ವೈಷಮ್ಯಗಳು ಆಟದ ಬಿಸಿಯಲ್ಲಿ ಹೊಗೆಯಾಡುತ್ತವೆ. ತಂಡಗಳು ಹೆಚ್ಚಿದಷ್ಟೂ ಖರ್ಚು ಬೆಳೆಯುತ್ತದೆ; ಗೆದ್ದ ಊರು ಚಿಕ್ಕದಾದರೆ ಅಷ್ಟು ಮೈದಾನಗಳು, ಅಷ್ಟು ಹಾಸಿಗೆಗಳು ಅಲ್ಲಿ ಇರುವುದಿಲ್ಲ; ಬೇರೆ ಪಟ್ಟಣಕ್ಕೆ ಹೋಗಿ ನಡೆಸಬೇಕಾಗುತ್ತದೆ. ಇನ್ನೂ ದೊಡ್ಡ ಮಾತೆಂದರೆ, ಮೈದಾನದ ಹೊರಗಿನ ಲೋಕ ಗೆಲುವು ಸೋಲುಗಳನ್ನು ಬೇರೆಯೇ ರೀತಿಯಲ್ಲಿ ಎಣಿಸುತ್ತದೆ. ೨೦೦೮ರ ಫೆಬ್ರವರಿ ೧೩ರಂದು ಆಸ್ಟ್ರೇಲಿಯದ ಪ್ರಧಾನಿ ಕೆವಿನ್ ರಡ್ ಅವರು, ಕಸಿದುಕೊಂಡ ಆ ಮಕ್ಕಳ ಪೀಳಿಗೆಗಳ ಕ್ಷಮೆಯನ್ನು ಸಂಸತ್ತಿನಲ್ಲಿ ಯಾಚಿಸಿದರು. ಆದರೆ ೨೦೨೩ರ ಅಕ್ಟೋಬರ್ ೧೪ರಂದು, ಮೂಲನಿವಾಸಿಗಳ ಅಭಿಪ್ರಾಯವನ್ನು ಸಂಸತ್ತಿಗೆ ತಿಳಿಸಲು ಸಂವಿಧಾನಬದ್ಧ ಸಮಿತಿಯೊಂದು ಇರಲಿ ಎಂಬ ಪ್ರಶ್ನೆಗೆ ಮತದಾರರಲ್ಲಿ ನೂರಕ್ಕೆ ಸುಮಾರು ಅರವತ್ತು ಮಂದಿ ಬೇಡವೆಂದರು. ಎಲ್ಲ ಆರು ರಾಜ್ಯಗಳಲ್ಲಿಯೂ ಅದು ಸೋತಿತು. ಮರುವರ್ಷದ ಅಕ್ಟೋಬರಿನಲ್ಲಿ ಬಾತರ್ಸ್ಟ್ ಪಟ್ಟಣದಲ್ಲಿ ಪಂದ್ಯಾವಳಿ ಎಂದಿನಂತೆ ನಡೆಯಿತು. ನೆರೆಯವರು ಒಪ್ಪಲಿ ಬಿಡಲಿ, ತಮ್ಮವರನ್ನು ಸೇರುವುದಕ್ಕೆ ಅವರು ಯಾರ ಮತವನ್ನೂ ಕೇಳಬೇಕಾಗಿರಲಿಲ್ಲ. ಸರಕಾರಗಳು ಕೊಡಬೇಕಾದುದನ್ನು ಆಟ ಕೊಡಲಾರದು. ಸರಕಾರಗಳು ಕೊಡಲಾರದುದೊಂದನ್ನು ಮಾತ್ರ ಅದು ಕೊಡಬಲ್ಲುದು.

ಅವರ ಕಷ್ಟವನ್ನು ನಮ್ಮ ಕಷ್ಟದೊಡನೆ ತೂಗುವ ಉದ್ಧಟತನ ನಮಗಿಲ್ಲ. ನಮ್ಮ ಮಕ್ಕಳನ್ನು ಯಾರೂ ಕಸಿದುಕೊಂಡು ಹೋಗಲಿಲ್ಲ. ನಮ್ಮ ಮಾತು ಇನ್ನೂ ನಮ್ಮ ನಾಲಗೆಯ ಮೇಲಿದೆ. ಆ ಜನರಾದರೋ ಕಮಿಲರೋಯ್, ವಿರಾಜುರಿ ಮೊದಲಾದ ತಮ್ಮ ನುಡಿಗಳನ್ನು ಹಳೆಯ ಬರಹಗಳಿಂದಲೂ ಹಿರಿಯರ ನೆನಪಿನಿಂದಲೂ ಪದ ಪದವಾಗಿ ಹೆಕ್ಕಿ ಮಕ್ಕಳಿಗೆ ಕಲಿಸುತ್ತಿದ್ದಾರೆ. ನಮ್ಮ ನಾಚಿಕೆ ಇರುವುದು ಅಲ್ಲಿಯೇ. ಕಸಿದುಕೊಳ್ಳಲ್ಪಟ್ಟವರು ಹುಡುಕಿ ಹುಡುಕಿ ಜೋಡಿಸುತ್ತಿರುವಾಗ, ಯಾರೂ ಕಸಿದುಕೊಳ್ಳದುದನ್ನು ನಾವು ಅಲಕ್ಷ್ಯದಿಂದ ಕಳೆದುಕೊಳ್ಳುತ್ತಿದ್ದೇವೆ. ಸೊಲ್ಲಾಪುರದ ಮನೆಯಲ್ಲಿ, ಹೊಸೂರಿನ ಮನೆಯಲ್ಲಿ, ಕಾಸರಗೋಡಿನ ಮನೆಯಲ್ಲಿ ಶಾಲೆ ಬೇರೆ ಭಾಷೆಯದಾಗಬಹುದು, ಕಚೇರಿ ಬೇರೆ ಭಾಷೆಯದಾಗಬಹುದು. ಆದರೆ ಯಾರ ಪೈಕಿ ಎಂಬ ಪ್ರಶ್ನೆಯನ್ನು ಮಕ್ಕಳಿಗೆ ಕೇಳದಿರುವಂತೆ ಯಾವ ಸರಕಾರವೂ ನಮ್ಮನ್ನು ತಡೆದಿಲ್ಲ.

ತಂಬಿಲದ ದಿನದ ಕಥೆಯನ್ನು ಪೂರ್ತಿ ಹೇಳಲಿಲ್ಲ. ಊಟವಾದ ಬಳಿಕ ಆ ಅಜ್ಜಿ ಹುಡುಗನನ್ನು ಕೂರಿಸಿಕೊಂಡು, ಅವನ ಅಜ್ಜನ ಹೆಸರು, ಆ ಅಜ್ಜನ ಅಕ್ಕನ ಹೆಸರು, ಯಾವ ಹೊಳೆಯ ಬದಿಯ ಮನೆ, ಯಾವ ಕವಲು ಎಂಬುದನ್ನೆಲ್ಲ ಬೆರಳು ಮಡಚಿ ಎಣಿಸಿ ಹೇಳಿದರು. ಹುಡುಗ ಮೊದಲು ಮೊಬೈಲನ್ನೇ ನೋಡುತ್ತಿದ್ದ. ಮೂರನೆಯ ಬೆರಳಿಗೆ ತಲೆಯೆತ್ತಿದ. ಹೊರಡುವಾಗ, "ಬರುವ ವರ್ಷ ಅಡುಗೆಯ ಖರ್ಚು ಯಾರ ಪಾಲಿಗೆ?" ಎಂದು ಹಿರಿಯರೊಬ್ಬರು ಎಂದಿನಂತೆ ಕೇಳಿದರು. ಎಂದಿನಂತೆ ಒಂದು ಕ್ಷಣ ಮೌನ. ಎಲ್ಲರೂ ತಮ್ಮ ತಮ್ಮ ಚಪ್ಪಲಿಗಳನ್ನು ಹುಡುಕುತ್ತಿದ್ದರು.

ಆಗ ನಮಗೆ ಮೂರು ವರ್ಷ ಕಾದು ಆತಿಥ್ಯ ನಡೆಸಿಕೊಟ್ಟ ಆ ದಕ್ಷಿಣ ಕರಾವಳಿಯವರ ನೆನಪಾಯಿತು. ಬರುವ ವರ್ಷದ ಅಡುಗೆ ನಮ್ಮದು ಎಂದು ಹೇಳಿ ಬಂದಿದ್ದೇವೆ. ಮನೆಯಲ್ಲಿ ಇನ್ನೂ ತಿಳಿಸಿಲ್ಲ. ಈ ಸಂಚಿಕೆ ಮನೆಗೆ ತಲುಪಿದಾಗ ಹೇಗೂ ತಿಳಿಯುತ್ತದೆ.